ಐರಿಸ್ ಅಜ್ಜಿಯ ಮನೆಯಲ್ಲಿ ಸೈರನ್

ಊಂ... ಊಊಂ... ಊಊಊಂ...

ಮೊದಲು ಎಲ್ಲೋ ದೂರದಲ್ಲಿ ಯಾರೋ ನರಳಿದಂತಿತ್ತು. ಆಮೇಲೆ ಆ ಸದ್ದು ಗೋಡೆಗಳ ಒಳಗಿಂದಲೇ ಏರಿ ಬಂತು. ಯುದ್ಧದ ಸಿನಿಮಾಗಳಲ್ಲಿ ಬಾಂಬು ಬೀಳುವ ಮುಂಚೆ ಕೂಗುತ್ತದಲ್ಲ, ಅದೇ ಸೈರನ್! ಹೋದ ವಾರದಂತೆ ಮತ್ತೆ!

ಇಂಚರಾಳ ಕೈಯಲ್ಲಿದ್ದ ನೀರಿನ ಲೋಟ ನೆಲಕ್ಕೆ ಬಿತ್ತು.

"ಅಜ್ಜೀ!"

ಕಿಟಕಿಯ ಪಕ್ಕದ ಕುರ್ಚಿ ಖಾಲಿ. ಈಗ ತಾನೇ ಇಲ್ಲಿ ಕೂತು ಕಾಲು ಮಡಿಸಿ ಚಾಚಿ ವ್ಯಾಯಾಮ ಮಾಡುತ್ತಿದ್ದ ತೊಂಬತ್ತೆಂಟರ ಅಜ್ಜಿ, ಒಂದು ಲೋಟ ನೀರು ತರುವಷ್ಟರಲ್ಲಿ ಮಾಯ!

ನ್ಯೂಜೆರ್ಸಿಯ ಡಿಸೆಂಬರ್. ಸಂಜೆ ನಾಲ್ಕೂವರೆಗೆಲ್ಲ ಹೊರಗೆ ಕತ್ತಲು. ಆ ಹಳೆಯ ಕಲ್ಲುಮನೆಯ ಉದ್ದನೆ ಪಡಸಾಲೆಯಲ್ಲಿ ಇಂಚರಾ ಓಡಿದಳು. ನೆಲಮಾಳಿಗೆಯ ಬಾಗಿಲು ತೆರೆದಿತ್ತು. ಬಾಗಿಲ ಹತ್ತಿರ ಅಜ್ಜಿಯ ವಾಕರ್ ಮಾತ್ರ ನಿಂತಿತ್ತು.

ಅಯ್ಯೋ ದೇವರೇ... ಈ ಕತ್ತಲಲ್ಲಿ ಮತ್ತೆ ಮೆಟ್ಟಿಲು ಇಳಿದುಬಿಟ್ಟರಾ? ಬಿದ್ದರೆ ಮೂಳೆ ಉಳಿಯುತ್ತಾ?

ಗೋಡೆ ತಡವುತ್ತ ಕೆಳಗಿಳಿದಳು. ಕೊನೆಯ ಮೆಟ್ಟಿಲಲ್ಲಿ ಬೆರಳಿಗೆ ಸ್ವಿಚ್ ಸಿಕ್ಕಿತು. ಒತ್ತಬೇಕು ಎನ್ನುವಷ್ಟರಲ್ಲಿ...

ಯಾರದೋ ಕೈ ಅವಳ ಮಣಿಕಟ್ಟು ಹಿಡಿಯಿತು! ಇನ್ನೊಂದು ಕೈ ಬಾಯಿ ಮುಚ್ಚಿತು!

"ಶ್! ಲೈಟ್ ಹಾಕ್ಬೇಡಿ!"

ಗಂಡು ದನಿ. ಅದೂ ಕಿವಿಯ ಹತ್ತಿರವೇ.

ಬೇರೆ ಹುಡುಗಿಯಾಗಿದ್ದರೆ ಮೂರ್ಛೆ ಹೋಗುತ್ತಿದ್ದಳೋ ಏನೋ. ನಮ್ಮ ಇಂಚರಾ ಮೈಸೂರಿನವಳು, ಮೂರು ಜನ ಅಣ್ಣಂದಿರ ನಡುವೆ ಬೆಳೆದವಳು. ಬಾಯಿಗೆ ಸಿಕ್ಕ ಕೈಯನ್ನು ಗಟ್ಟಿಯಾಗಿ ಕಚ್ಚಿಬಿಟ್ಟಳು!

"ಔಚ್! ಅಯ್ಯಯ್ಯೋ... ಬಿಡ್ರೀ!"

ಅವನು ಚೀರಿ ಫೋನಿನ ಟಾರ್ಚ್ ಹಾಕಿದ. ಎತ್ತರದ ಹುಡುಗ, ಕೆದರಿದ ಕೂದಲು, ನೋವಿಗೆ ಕಿವುಚಿದ ಮುಖ. ಕಣ್ಣುಗಳು ಮಾತ್ರ... ಇಂಥ ಹೊತ್ತಿನಲ್ಲಿ ಕಳ್ಳನ ಕಣ್ಣು ನೋಡುತ್ತಾ ನಿಲ್ಲುವವರುಂಟೇ? ಅವಳು ನಿಂತಳು.

"ಗೌರೂ, ಆ ಹುಡುಗೀನ ಬಿಡೋ!" ಕತ್ತಲ ಮೂಲೆಯಿಂದ ಅಜ್ಜಿಯ ದನಿ ಬಂತು. "ಅವಳು ನನ್ನ ಕಾಲಿನ ಡಾಕ್ಟ್ರು ಕಣೋ."

ಬೆಳಕು ಆ ಕಡೆ ತಿರುಗಿತು. ಮೂಲೆಯ ಬೆಂಚಿನ ಮೇಲೆ ಐರಿಸ್ ಅಜ್ಜಿ ಶಾಲು ಹೊದ್ದು ಕೂತಿದ್ದರು. ಬೆಳ್ಳಗಿನ ಮುಖ, ನೀಲಿ ಕಣ್ಣು, ಹಣೆಯಲ್ಲಿ ಚಿಕ್ಕ ಕುಂಕುಮ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು.

ಸೈರನ್ ತಟ್ಟನೆ ನಿಂತಿತು.

*

"ಕಚ್ಚೋದಾ? ಸೀರಿಯಸ್ಲಿ! ಯಾರ್ರೀ ಹಾಗೆ ಕಚ್ತಾರೆ?"

ಅಡುಗೆಮನೆಯ ನಲ್ಲಿಯ ಕೆಳಗೆ ಗೌರವ್ ಕೈ ಹಿಡಿದಿದ್ದ.

"ಕತ್ತಲಲ್ಲಿ ಬಂದು ಬಾಯಿ ಮುಚ್ಚಿದ್ರೆ ಆರತಿ ಎತ್ಬೇಕಿತ್ತಾ?"

ಅಜ್ಜಿ ಕಾಫಿ ಬಟ್ಟಲ ಹಿಂದೆ ನಕ್ಕರು.

ಈ ಅಜ್ಜಿಯ ಬಗ್ಗೆ ನಿಮಗೆ ಹೇಳಲೇಬೇಕು. ಹುಟ್ಟಿದ್ದು ಲಂಡನ್ನಿನಲ್ಲಿ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಲ್ಲಿನ ಕಾರ್ಖಾನೆಗೆ ತರಬೇತಿಗೆ ಬಂದಿದ್ದ ಮೈಸೂರಿನ ಹುಡುಗ ನಂಜುಂಡಸ್ವಾಮಿಯ ಕೈ ಹಿಡಿದರು. ಮೈಸೂರಿನಲ್ಲಿ ಅತ್ತೆ, ನಾದಿನಿಯರ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿ, ಗಂಡನ ಕೆಲಸದ ಬೆನ್ನಿಗೆ ನ್ಯೂಜೆರ್ಸಿಗೆ ಬಂದರು. ಅವರ ಕನ್ನಡ ಕೇಳಿದರೆ ಮೈಸೂರಿನ ಯಾವುದೋ ಹಳೆಯ ಮನೆಯ ಜಗಲಿಯಲ್ಲಿ ಕೂತಂತೆ!

ಮನೆಯೂ ಹಾಗೇ ವಿಚಿತ್ರ. ಹಿಂದೊಮ್ಮೆ ಯಾರೋ ಇಂಗ್ಲಿಷ್ ಸಾಹುಕಾರ ತನ್ನ ಊರಿನ ಬಂಗಲೆಯಂತೆಯೇ ಕಟ್ಟಿಸಿದ್ದು. ಗೋಪುರ, ಗೋಡೆ ತುಂಬ ಬಳ್ಳಿ, ಮೆಟ್ಟಿಲ ತಿರುವಿನಲ್ಲಿ ಆ ಸಾಹುಕಾರನ ಕಪ್ಪುಗಟ್ಟಿದ ಚಿತ್ರ. ರಾಬಿನ್ಸ್‌ವಿಲ್ ಕಡೆಯ ಹೊಲಗಳೆಲ್ಲ ಗೋದಾಮುಗಳಾಗಿ, ಹಗಲಿರುಳು ಟ್ರಕ್ಕು ಓಡಾಡುವ ಜಾಗದಲ್ಲಿ ಈ ಮನೆ ಮತ್ತು ಅದರ ಸುತ್ತಲಿನ ಮರಗಳು ಮಾತ್ರ ಉಳಿದಿದ್ದವು.

ಗೌರವ್ ಅಜ್ಜಿಯ ಒಬ್ಬನೇ ಮೊಮ್ಮಗ. ಮ್ಯಾನ್‌ಹಟನ್ನಿನ ನಾಟಕ ಮಂದಿರವೊಂದರಲ್ಲಿ ಸೌಂಡ್ ಡಿಸೈನರ್. ಮಳೆ, ಗುಡುಗು, ರೈಲು, ಎಲ್ಲವನ್ನೂ ರಂಗದ ಮೇಲೆ ಕೇಳಿಸುವುದೇ ಅವನ ಕೆಲಸ.

"ಅಜ್ಜಿ ಫೋನ್ ಮಾಡಿ ಸೈರನ್ ಕೇಳುತ್ತೆ ಅಂದ್ರು," ಅವನ ದನಿ ಗಂಭೀರವಾಯಿತು. "ಯಾರಿಗೂ ಹೇಳ್ದೆ ಬಂದು ಕತ್ತಲಲ್ಲಿ ಕೂತೆ, ಹಿಡಿಯೋಣ ಅಂತ. ಸೈರನ್ ಕೂಗೋದು ಮಂಗಳವಾರ, ಶುಕ್ರವಾರ. ನೀವು ಫಿಸಿಯೋಥೆರಪಿಗೆ ಬರೋದೂ ಮಂಗಳವಾರ, ಶುಕ್ರವಾರ. ನಾನೇನ್ ಅನ್ಕೋಬೇಕು ಹೇಳಿ?"

"ಅಂದ್ರೆ?! ನಾನು ಕೂಗಿಸ್ತೀನಾ? ಐಸ್ಲಿನ್‌ನಿಂದ ಟರ್ನ್‌ಪೈಕ್ ಟ್ರಾಫಿಕ್‌ನಲ್ಲಿ ಒದ್ದಾಡ್ಕೊಂಡು ಬಂದು, ವಯಸ್ಸಾದವರನ್ನ ಹೆದರಿಸಿ ಹೋಗ್ತೀನಾ? ಮೊದಲು ನಿಮ್ಮ ಬೂಟು ಬಿಚ್ಚಿ! ದೇವರ ಫೋಟೋ ಇದೆ ಇಲ್ಲಿ, ಕಾಣಲ್ವಾ?"

ಗೌರವ್ ತನ್ನ ಕಾಲನ್ನೇ ನೋಡಿಕೊಂಡ. ಅಡುಗೆಮನೆಯ ಮೂಲೆಯಲ್ಲಿ ತಾತನ ಕಾಲದ ನಂಜುಂಡೇಶ್ವರನ ಫೋಟೋ, ಅದರ ಮುಂದೆ ಸಣ್ಣ ಬಲ್ಬು.

"ಈ ಮನೇಲಿ ಎಲ್ಲಾರೂ ಬೂಟಲ್ಲೇ ಓಡಾಡೋದು. ತಾತಾನೂ ಹಾಗೇ ಇದ್ರು. ದೇವರೇ ಕಂಪ್ಲೇಂಟ್ ಮಾಡಿಲ್ಲ!"

"ಅವನನ್ನ ತಿದ್ದೋಕಾಗಲ್ಲ ಮಗಳೇ," ಎಂದರು ಅಜ್ಜಿ. "ನಾನೂ ಬಿಟ್ಬಿಟ್ಟೆ."

ಅಷ್ಟರಲ್ಲಿ ಮುಂಬಾಗಿಲ ಕರೆಗಂಟೆ ಸದ್ದು ಮಾಡಿತು. ಅಮರೇಶ್ವರ ಅಂಕಲ್! ಕನ್ನಡ ಕೂಟದಲ್ಲಿ ಅವರನ್ನು ತಿಳಿಯದವರಿಲ್ಲ. ಮನೆ ಕೊಡಿಸುವ ಏಜೆಂಟು, ಧಾರವಾಡದ ಕಡೆಯವರು. ತಾತ ತೀರಿಕೊಂಡ ಮೇಲೆ ಅಜ್ಜಿಯ ಕಾಗದಪತ್ರ, ತೆರಿಗೆ ಎಲ್ಲ ನೋಡಿಕೊಳ್ಳುತ್ತಿದ್ದವರು ಅವರೇ. ಒಳಗೆ ಬಂದವರು ಮೊದಲು ದೇವರ ಫೋಟೋಗೆ ಕೈಮುಗಿದರು. ಆಮೇಲೆ ಚಿತ್ರಾನ್ನದ ಡಬ್ಬಿ ಮೇಜಿನ ಮೇಲಿಟ್ಟರು.

"ಮತ್ತ ಕೆಳಗ ಹೋಗಿದ್ದ್ರೇನು ಅಜ್ಜಿ?" ಅವರ ಮುಖ ಬಾಡಿತು. "ಗೌರವ್, ನಿನಗೊಂದು ಮಾತು ಹೇಳಬೇಕಪಾ. ಯಾರೋ ಅಜ್ಜಿಗೆ ತಲಿ ಕೆಟ್ಟೈತಿ ಅಂತ ಕಂಪ್ಲೇಂಟ್ ಕೊಟ್ಟಾರ. ಸಂಕ್ರಾಂತಿ ಆದ ಮ್ಯಾಲಿನ ಶುಕ್ರವಾರ ಕೋರ್ಟಿನ ಕಡಿಂದ ಡಾಕ್ಟರ್ ಬರ್ತಾರ. ಅವರು ಬುದ್ಧಿ ಸರಿ ಇಲ್ಲ ಅಂತ ಬರದ್ರ... ಅಜ್ಜಿ ನರ್ಸಿಂಗ್ ಹೋಮಿಗೆ ಹೋಗಬೇಕಾಗ್ತದ. ಮನಿ ಮಾರಬೇಕಾಗ್ತದ."

ಅಜ್ಜಿ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು.

"ನಾನು ಈ ಮನೆ ಬಿಟ್ಟು ಹೋಗಲ್ಲ ಅಮರೇಶ," ಎಂದರು ಮೆಲ್ಲಗೆ. "ಅವರಿದ್ದ ಮನೆ ಇದು."

ಗೌರವ್ ಮತ್ತು ಇಂಚರಾ ಒಬ್ಬರ ಮುಖ ಒಬ್ಬರು ನೋಡಿದರು. ಜಗಳ ಮರೆತೇಹೋಗಿತ್ತು. ಆ ಶುಕ್ರವಾರದೊಳಗೆ ಸೈರನ್ ಕೂಗಿಸುವವರು ಸಿಗಲೇಬೇಕು!

*

ಆಮೇಲೆ ಪ್ರತಿ ಮಂಗಳವಾರ, ಶುಕ್ರವಾರ ಗೌರವ್ ಮ್ಯಾನ್‌ಹಟನ್‌ನಿಂದ ಬರತೊಡಗಿದ. ಅಜ್ಜಿಯನ್ನು ನೋಡಲು ಎಂದು ಹೇಳುತ್ತಿದ್ದ. ಅಜ್ಜಿ ಅವನ ಮುಖ ನೋಡಿ, ಆಮೇಲೆ ಇಂಚರಾಳ ಮುಖ ನೋಡಿ, "ಹೂಂ, ಹೂಂ," ಎನ್ನುತ್ತಿದ್ದರು!

"ಇದು ಒಂದು ರೂಮಿನಿಂದ ಬರೋ ಸದ್ದಲ್ಲ," ಎಂದ ಅವನು ಒಂದು ದಿನ. "ಚಿಮಣಿ ಒಳಗಿಂದ ಬರ್ತಿದೆ. ಎಲ್ಲಾ ರೂಮಿನಲ್ಲೂ ಫೈರ್‌ಪ್ಲೇಸ್ ಇದೆಯಲ್ಲ, ಅದಕ್ಕೇ ಮನೆಯೆಲ್ಲ ಕೇಳುತ್ತೆ. ಯಾರೋ ಮೇಲೆ ಸ್ಪೀಕರ್ ಇಟ್ಟು ಹತ್ತಿರ ನಿಂತು ಆನ್ ಮಾಡ್ತಿದಾರೆ. ಆಮೇಲೆ ತಗೊಂಡು ಹೋಗ್ತಿದಾರೆ."

ಮುಂದಿನ ಸಲ ಸೈರನ್ ಕೂಗಿದಾಗ ಅವನು ಮೇಲಕ್ಕೆ ಓಡಿದ, ಅವಳು ಅಜ್ಜಿಯ ಹಿಂದೆ ಕೆಳಕ್ಕೆ ಓಡಿದಳು. ಅವನು ಬರಿಗೈಯಲ್ಲಿ ವಾಪಸ್ ಬಂದ. ಮುಖ ಬಿಳುಚಿತ್ತು.

"ಈ ಮರದ ನೆಲದ ಮೇಲೆ ಒಂದು ಬೂಟು ಇಟ್ರೂ ಟಕ್ ಅನ್ನುತ್ತೆ. ಕಿವಿ ಕೊಟ್ಟು ನಿಂತಿದ್ದೆ ಇಂಚರಾ. ಯಾರೂ ನಡೆದಿಲ್ಲ! ಒಂದು ಹೆಜ್ಜೆ ಸದ್ದೂ ಇಲ್ಲ!"

ಇಂಚರಾಳ ಮೈ ಜುಮ್ಮೆಂದಿತು. ಹೆಜ್ಜೆ ಸದ್ದಿಲ್ಲದೆ ಓಡಾಡುವುದು... ದೆವ್ವ ಮಾತ್ರ ಅಲ್ಲವೇ?

ಇನ್ನೊಂದು ದಿನ ಇಬ್ಬರೂ ಗೋಪುರದ ಕೋಣೆ ಹುಡುಕಲು ಹತ್ತಿದರು. ಜೇಡರ ಬಲೆ, ಧೂಳು, ಒಡೆದ ಕನ್ನಡಿ. ಗಾಳಿಗೆ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು!

"ಹೆದರಿಕೆ ಆಗ್ತಿದೆಯಾ?" ಅವನ ದನಿ ಪಿಸುಗುಟ್ಟಿತು.

"ಇಲ್ಲಪ್ಪ."

"ಮತ್ತೆ ನನ್ನ ಜಾಕೆಟ್ ಯಾಕೆ ಹಿಡ್ಕೊಂಡಿದೀರಿ?"

"...ಚಳಿಗೆ!"

ಅವನು ನಗಲಿಲ್ಲ. ಅವಳ ಕೂದಲಿಗೆ ಮೆತ್ತಿದ್ದ ಬಲೆಯನ್ನು ಮೆಲ್ಲಗೆ ತೆಗೆದ. ಬೆರಳು ಕೆನ್ನೆಗೆ ತಾಗಿತು. ಇಂಚರಾಳ ಎದೆ ಹೊಡೆದುಕೊಂಡದ್ದು ಅವನಿಗೆ ಕೇಳಿಸಿತೋ ಏನೋ. ಸೌಂಡ್ ಕೆಲಸದವನಲ್ಲವೇ!

"ನಿಮಗೆ ಒಂದು ಮಾತು ಹೇಳ್ಲಾ?" ಎಂದ. "ನೀವು ಅಜ್ಜಿಗೆ ವ್ಯಾಯಾಮ ಮಾಡಿಸುವಾಗ, 'ಹಾಂ, ಇನ್ನೊಂಚೂರು, ಆಗುತ್ತೆ ಅಜ್ಜಿ' ಅಂತೀರಲ್ಲ... ಅದು ಕೇಳೋಕೇ ಪಕ್ಕದ ರೂಮಲ್ಲಿ ಕೂತಿರ್ತೀನಿ. ನ್ಯೂಯಾರ್ಕ್‌ನಲ್ಲಿ ದಿನಾ ಏನೇನೋ ಕೇಳ್ತೀನಿ. ಯಾರೂ ಯಾರಿಗೂ ಅಷ್ಟು ಸಮಾಧಾನವಾಗಿ ಮಾತಾಡಲ್ಲ."

ಅವಳು ಅವನ ಜಾಕೆಟ್ ಇನ್ನೂ ಬಿಟ್ಟಿರಲಿಲ್ಲ.

ಅಂದು ಐಸ್ಲಿನ್‌ನ ಮನೆಗೆ ಬಂದು ರೂಮ್‌ಮೇಟ್ ರಾಜಿಗೆ ಎಲ್ಲ ಹೇಳಿದಳು. ರಾಜಿ ಚಪಾತಿ ಹಿಟ್ಟಿನ ಕೈ ಸೊಂಟಕ್ಕಿಟ್ಟು ನಿಂತಳು.

"ಮುಗೀತು ಬಿಡು! ಸೈರನ್ ಕೂಗ್ತಿರೋದು ಆ ಮನೇಲಲ್ಲ ಕಣೇ, ನಿನ್ನ ತಲೇಲಿ!"

"ಥೂ, ಹೋಗೇ!"

ಆದರೂ ಇಂಚರಾ ನಿದ್ದೆ ಬರುವ ತನಕ ನಗುತ್ತಲೇ ಇದ್ದಳು.

*

ಡಾಕ್ಟರ್ ಬರುವ ವಾರದ ಮಂಗಳವಾರ. ಕಾರು ನಿಲ್ಲಿಸುತ್ತಿದ್ದಂತೆ ಅಮರೇಶ್ವರ ಅಂಕಲ್ ಎದುರಾದರು. ಅತ್ತ ಇತ್ತ ನೋಡಿ ದನಿ ತಗ್ಗಿಸಿದರು.

"ನೀ ನನ್ನ ಮಗಳಿದ್ದಂಗ. ಅದಕ್ಕ ಹೇಳ್ತೀನಿ. ಆ ಕಂಪ್ಲೇಂಟ್ ಕೊಟ್ಟಾವ ಬ್ಯಾರೆ ಯಾರೂ ಅಲ್ಲ... ಗೌರವ್."

"ಏನು?!"

"ಮನಿ ಮಾರಿ ರೊಕ್ಕ ಬೇಕಾಗೈತಿ ಹುಡುಗಂಗ. ಸೈರನ್ ಕೂಗಸೋದು ಯಾರಿಗೆ ಗೊತ್ತೈತಿ, ನೀನಽ ವಿಚಾರ ಮಾಡು. ಅಜ್ಜಿಗೆ ಹೇಳಬ್ಯಾಡವಾ, ಎದಿ ಒಡ್ಕೊಂತಾರ."

ಸುಳ್ಳು! ಗೌರವ್ ಅಂಥವನಲ್ಲ! ಇಂಚರಾ ಒಳಗೆ ಓಡಿದಳು. ಮೇಲಿನ ಮಹಡಿಯ ಕೋಣೆಯ ಬಾಗಿಲು ತಳ್ಳಿದಳು.

ಫೈರ್‌ಪ್ಲೇಸ್ ಮುಂದೆ ಗೌರವ್ ಮಂಡಿಯೂರಿದ್ದ. ಕೈತುಂಬ ಮಸಿ. ಕೈಯಲ್ಲಿ ಒಂದು ಕರಿ ಸ್ಪೀಕರ್. ಅದನ್ನು ತನ್ನ ಬ್ಯಾಗಿಗೆ ತುರುಕುತ್ತಿದ್ದ!

"ಸಿಕ್ತು ಇಂಚರಾ! ಕೊನೆಗೂ ಸಿಕ್ತು! ಇದನ್ನ ಇವತ್ತು..."

"ಸಾಕು ನಿಲ್ಸಿ!"

ಅವಳ ದನಿಗೆ ಅವಳೇ ಬೆಚ್ಚಿದಳು.

"ಮಂಗಳವಾರ, ಶುಕ್ರವಾರ ಬರೋದು ಇದಕ್ಕೇನಾ? ಚಿಮಣಿ ಒಳಗೆ ಇಟ್ರೆ ಮನೆಯೆಲ್ಲ ಕೇಳುತ್ತೆ ಅಂತ ನಿಮಗಲ್ದೆ ಇನ್ಯಾರಿಗೆ ಗೊತ್ತು? ನಿಮ್ಮ ಸ್ವಂತ ಅಜ್ಜಿಗೆ ಹುಚ್ಚು ಅನ್ಸಿ ಮನೆ ಮಾರೋಕೆ... ಥೂ! ನಿಮ್ಮನ್ನ ನಂಬಿದ್ನಲ್ಲ ನಾನು!"

ಗೌರವ್ ಎದ್ದು ನಿಂತ. ಮುಖದಲ್ಲಿದ್ದ ಖುಷಿ ಇಳಿದುಹೋಯಿತು.

"ಯಾರು ಹೇಳಿದ್ರು ಇದನ್ನ?"

"ಯಾರಾದ್ರೂ ಹೇಳ್ಲಿ! ನಿಮ್ಮ ಕೈಯಲ್ಲೇ ಇದೆಯಲ್ಲ!"

"ಈಗ ತಾನೇ ಸಿಕ್ತು, ಕೂಗಿಸೋಕೆ ಅಂತ ಮೊದಲೇ ಇಟ್ಟು ಹೋಗಿದಾರೆ. ಅದನ್ನೇ ನಿಮಗೆ ಹೇಳೋಣ ಅಂತ ಓಡಿ ಬರ್ತಿದ್ದೆ." ಅವನು ಬ್ಯಾಗು ಹೆಗಲಿಗೇರಿಸಿದ. "ಮೊದಲ ದಿನ ನಾನೂ ನಿಮ್ಮನ್ನ ಅನುಮಾನಿಸಿದ್ದೆ. ಆಗ ನೀವು ಯಾರೋ ಗೊತ್ತಿರ್ಲಿಲ್ಲ. ಈಗ ನಾನು ಯಾರು ಅಂತ ನಿಮಗೆ ಗೊತ್ತಿದೆ ಅನ್ಕೊಂಡಿದ್ದೆ."

ಅವನ ಬೂಟುಗಳ ಸದ್ದು ಮೆಟ್ಟಿಲಿಳಿದು ಹೋಯಿತು. ಇಂಚರಾ ಅಲ್ಲೇ ಕುಸಿದು ಕೂತು ಅತ್ತಳು. ಅವನ ಮೇಲೆ ಕೋಪ ಬಂದಿತ್ತು, ಸಂಕಟವೂ ಆಗಿತ್ತು. ಯಾವುದಕ್ಕೆ ಅಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

*

ಶುಕ್ರವಾರ. ಬೆಳಗಿನಿಂದಲೇ ಹಿಮ.

ಕೋರ್ಟಿನ ಡಾಕ್ಟರಮ್ಮ ಬಂದರು. ಹಿಮದ ಬೂಟಿನಲ್ಲೇ ಟಕ್ ಟಕ್ ಎಂದು ನಡೆದು ಅಜ್ಜಿಯ ಎದುರು ಕೂತರು. ಇವತ್ತು ಯಾವ ವಾರ? ಹಿಂದಿನ ವರ್ಷ ಏನು ಓದಿದಿರಿ? ಅಜ್ಜಿ ಪಟಪಟ ಉತ್ತರಿಸುತ್ತಿದ್ದರು. ಇಂಚರಾ ಬಾಗಿಲಲ್ಲಿ ನಿಂತು ದೇವರನ್ನು ನೆನೆದಳು. ಗೌರವ್ ಬಂದಿರಲಿಲ್ಲ. ಹಿಮಕ್ಕೆ ರೈಲು ತಡವಾಗಿದೆ ಎಂದು ಅಜ್ಜಿಯ ಫೋನಿಗೆ ಮೆಸೇಜ್ ಕಳಿಸಿದ್ದ.

ಬರದಿದ್ದರೇ ಒಳ್ಳೆಯದು. ಇವತ್ತೊಂದು ದಿನ ಸೈರನ್ ಕೂಗದಿದ್ದರೆ ಸಾಕು...

ಊಂ... ಊಊಂ... ಊಊಊಂ!

ಡಾಕ್ಟರಮ್ಮ ಗಾಬರಿಯಾಗಿ ಎದ್ದರು. ಅಜ್ಜಿ ಆಗಲೇ ವಾಕರ್ ಹಿಡಿದು ನೆಲಮಾಳಿಗೆಯ ಕಡೆ ಹೊರಟಿದ್ದರು!

"ಅವರ ಜೊತೆ ಇರಿ, ಪ್ಲೀಸ್! ಮೆಟ್ಟಿಲಲ್ಲಿ ಕೈ ಹಿಡ್ಕೊಳ್ಳಿ!" ಇಂಚರಾ ಡಾಕ್ಟರಮ್ಮನಿಗೆ ಇಂಗ್ಲಿಷಿನಲ್ಲಿ ಕೂಗಿದಳು.

ಏಕೆಂದರೆ ಅವಳ ತಲೆಗೆ ಸಿಡಿಲು ಬಡಿದಂತಾಗಿತ್ತು. ಗೌರವ್ ಮನೆಯಲ್ಲಿಲ್ಲ! ಸ್ಪೀಕರ್ ಅವನ ಬ್ಯಾಗಿನಲ್ಲಿ ಹೋಯಿತು! ಹಾಗಾದರೆ ಇದನ್ನು ಕೂಗಿಸುತ್ತಿರುವವರು ಯಾರು?

ಪ್ರತಿ ಸಲ ಸೈರನ್ ಕೂಗಿದಾಗ ಅವಳು ಅಜ್ಜಿಯ ಹಿಂದೆ ಓಡುತ್ತಿದ್ದಳು. ಇಂದು ಮೊದಲ ಬಾರಿಗೆ, ಕೂಗಿಸಿದವರು ಹೊರಗೆ ಹೋಗುವ ದಾರಿ ತಡೆಯಲು, ಹಿತ್ತಿಲ ಬಾಗಿಲಿಗೆ ಓಡಿದಳು. ಅಲ್ಲಿ ನಿಂತವಳು ನಿಂತೇಬಿಟ್ಟಳು.

ಬಾಗಿಲ ಒಳಗೆ, ಗೋಡೆಗೆ ಸೇರಿಸಿ, ಒಂದು ಜೊತೆ ಶೂ.

ಅಚ್ಚುಕಟ್ಟಾಗಿ ಪಕ್ಕಪಕ್ಕ ಬಿಟ್ಟ ಶೂ! ಮೇಲೆ ಹಿಮ ಇನ್ನೂ ಕರಗುತ್ತಿತ್ತು!

ನೀವೇ ಹೇಳಿ, ಕದ್ದು ನುಗ್ಗುವವನು ಬಾಗಿಲಲ್ಲಿ ಶೂ ಬಿಟ್ಟು ಬರುತ್ತಾನಾ? ಯಾವ ಅಮೆರಿಕದವನೂ ಬಿಡುವುದಿಲ್ಲ. ಬೈದರೂ ಬೂಟು ಬಿಚ್ಚದ ಗೌರವ್ ಅಂತೂ ಬಿಡುವುದೇ ಇಲ್ಲ! ಚಿಕ್ಕಂದಿನಿಂದ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ದೇವರಿಗೆ ಕೈಮುಗಿದು ಒಳಗೆ ಬಂದು ರೂಢಿಯಾದವರು... ನಮ್ಮವರೇ! ಕಾಲುಚೀಲದಲ್ಲಿ ನಡೆದರೆ ಮರದ ನೆಲ ಸದ್ದು ಮಾಡುವುದಾದರೂ ಹೇಗೆ?

ಇಂಚರಾ ಎರಡೂ ಶೂ ಎತ್ತಿಕೊಂಡು ಎದೆಗವಚಿ ನಿಂತಳು.

ಸೈರನ್ ನಿಂತಿತು. ಹಿಂದಿನ ಮೆಟ್ಟಿಲಿನಿಂದ ಸದ್ದಿಲ್ಲದೆ ಒಬ್ಬರು ಇಳಿದು ಬಂದರು. ಕೋಟಿನ ಭುಜಕ್ಕೆಲ್ಲ ಮಸಿ, ಕಂಕುಳಲ್ಲಿ ಹೊಸದೊಂದು ಸ್ಪೀಕರ್, ಕೈಯಲ್ಲಿ ಫೋನು, ಕಾಲಲ್ಲಿ ಬೂದು ಬಣ್ಣದ ಉಣ್ಣೆಯ ಕಾಲುಚೀಲ. ಇಳಿದವರು ಮೊದಲು ಗೋಡೆಯ ಬುಡ ನೋಡಿದರು. ಆಮೇಲೆ ಅವಳನ್ನು ನೋಡಿದರು.

"ಅಂಕಲ್," ಅವಳು ಶೂ ಇನ್ನಷ್ಟು ಅವಚಿಕೊಂಡಳು, "ಇವು ನಿಮ್ಮದಾ?"

ಅಮರೇಶ್ವರ ಅಂಕಲ್ ಶೂಗಳತ್ತ ಕೈ ಚಾಚಿದರು.

"ಕಳ್ಳತನದಲ್ಲಿ ಬರೋರು ಶೂ ಯಾಕೆ ಬಿಟ್ರಿ ಅಂಕಲ್?"

"ಏ, ದೇವರಿರೋ ಮನಿಯೊಳಗ ಶೂ ಹಾಕ್ಕೊಂಡ್ ಅಡ್ಡಾಡ್ಲಿಕ್ಕೆ ಬರ್ತದೇನವಾ?"

ಮಾತು ತಾನಾಗಿ ಹೊರಬಿತ್ತು. ಆಡಿದ ಮೇಲೆ ಏನು ಆಡಿದೆನೆಂದು ಅವರಿಗೇ ತಿಳಿಯಿತು. ಮುಖ ಕಪ್ಪಿಟ್ಟಿತು.

"ಕೊಡು ಇತ್ಲಾಗ! ನಿನ್ನ ಮಾತು ಯಾರು ನಂಬ್ತಾರ? ವೀಸಾದ ಮ್ಯಾಲಿರೋ ಹುಡುಗಿ ನೀನು!"

ಅವರು ಅವಳನ್ನು ತಳ್ಳಿದರು. ಅವಳ ಭುಜ ಗೋಡೆಗೆ ಬಡಿಯಿತು. ಶೂ ಮಾತ್ರ ಬಿಡಲಿಲ್ಲ! ಅವರು ಬಾಗಿಲು ತೆರೆದು ಕಾಲುಚೀಲದಲ್ಲೇ ಹಿಮಕ್ಕೆ ಹಾರಿದರು. ನಾಲ್ಕು ಹೆಜ್ಜೆ ಓಡಿದರು...

"ಅಂಕಲ್! ಶೂ ಇಲ್ದೆ ಎಲ್ಲಿಗೆ ಹೊರಟ್ರಿ?"

ಮರಗಳ ನಡುವಿನಿಂದ ಗೌರವ್! ಮೊಣಕಾಲವರೆಗೂ ಹಿಮ, ಕೈಯಲ್ಲಿ ಫೋನು.

"ಗೋದಾಮಿನ ಹಿಂದೆ ನಿಮ್ಮ ಕಾರು ನೋಡ್ದೆ. ಅಲ್ಲಿಂದ ಈ ಬಾಗಿಲವರೆಗೂ ನಿಮ್ಮ ಹೆಜ್ಜೆ ಗುರುತಿದೆ. ಎಲ್ಲಾ ವಿಡಿಯೋ ಮಾಡಿದೀನಿ. ಪೊಲೀಸಿಗೂ ಫೋನ್ ಮಾಡಿದೀನಿ."

ಅಮರೇಶ್ವರ ಹಿಮದಲ್ಲೇ ಕೂತುಬಿಟ್ಟರು. ಜಾಗ ಕೊಡಿಸುತ್ತೇನೆಂದು ಯಾವುದೋ ಗೋದಾಮಿನ ಕಂಪನಿಗೆ ಮಾತು ಕೊಟ್ಟಿದ್ದರಂತೆ. ಕಂಪ್ಲೇಂಟ್ ಕೊಟ್ಟವರೂ ಅವರೇ. ಪ್ರತಿ ಸಲ ಇಂಚರಾ ಇದ್ದ ದಿನವೇ ಸೈರನ್ ಕೂಗಿಸಿದ್ದು, ಅಜ್ಜಿಗೆ ಹುಚ್ಚು ಎನ್ನಲು ಒಂದು ಸಾಕ್ಷಿ ಇರಲಿ ಎಂದು!

"ಕಾಲು ಸೆಟೆದುಹೋಗ್ತವಪಾ..." ಎಂದರು ಅಳುವ ದನಿಯಲ್ಲಿ.

ಇಂಚರಾ ಶೂಗಳನ್ನು ಅವರ ಮುಂದೆ ಇಟ್ಟಳು. ಆಮೇಲೆ ಗೌರವ್‌ನ ಮುಖ ನೋಡಿದಳು. ನೋಡಲಾಗಲಿಲ್ಲ.

"ಅಜ್ಜಿ!" ಎಂದರು ಇಬ್ಬರೂ ಒಟ್ಟಿಗೆ.

*

ನೆಲಮಾಳಿಗೆಯ ದೀಪ ಉರಿಯುತ್ತಿತ್ತು. ಬೆಂಚಿನ ಮುಂದೆ ಡಾಕ್ಟರಮ್ಮ ಮಂಡಿಯೂರಿ ಅಜ್ಜಿಯ ಕೈ ಹಿಡಿದಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ನೀವು ಇಲ್ಲಿಗೆ ಯಾಕೆ ಬಂದಿರಿ?

ಅಜ್ಜಿ ಬಾಯಿ ತೆರೆದರು. ಇಂಗ್ಲಿಷ್ ಹೊರಡಲಿಲ್ಲ.

"ಗೌರೂ, ನೀನು ಇವರಿಗೆ ಹೇಳಪ್ಪ," ಎಂದರು. "ನಾನೂ ಅವರೂ ಕನ್ನಡದಲ್ಲೇ ಮಾತಾಡಿ ಮಾತಾಡಿ... ಇದನ್ನ ಇಂಗ್ಲಿಷ್‌ನಲ್ಲಿ ಹೇಳೋಕೆ ಬರಲ್ಲ ನನಗೆ."

ಅವರು ಹೇಳುತ್ತ ಹೋದರು. ಗೌರವ್ ಇಂಗ್ಲಿಷಿನಲ್ಲಿ ಹೇಳುತ್ತ ಹೋದ.

"ಯುದ್ಧ ಮುಗಿದು ಎಂಬತ್ತು ವರ್ಷ ಆಯ್ತು, ಗೊತ್ತು. ನನ್ನ ಯಜಮಾನರು ಹೋಗಿದಾರೆ, ಅದೂ ಗೊತ್ತು. ಈ ಸೈರನ್ ಯಾರೋ ಕಿಡಿಗೇಡಿ ಕೂಗಿಸ್ತಿದಾನೆ ಅಂತಲೂ ಗೊತ್ತಿತ್ತು. ನನಗೇನೂ ಮರುಳು ಹಿಡಿದಿಲ್ಲ."

"ಮತ್ತೆ ಯಾಕಜ್ಜಿ?" ಇಂಚರಾ ಕೇಳಿದಳು.

"ಲಂಡನ್ನಿನಲ್ಲಿ ಸೈರನ್ ಕೂಗಿದಾಗ ನೆಲದಡಿಯ ಕೋಣೆಗೆ ಓಡಿದ್ದೆ. ಹದಿನೇಳು ವರ್ಷ ನನಗೆ. ಅಲ್ಲಿ ಮೈಸೂರಿನ ಹುಡುಗ ಕೂತು ಗಡಗಡ ನಡುಗ್ತಾ 'ಶಿವ ಶಿವ' ಅಂತಿದ್ರು. ಹೆದರಿದಾರೆ ಅಂತ ಕೈ ಹಿಡ್ಕೊಂಡೆ. ಆಮೇಲೆ ಗೊತ್ತಾಯ್ತು, ಅವರಿಗೆ ಹೆದರಿಕೆ ಅಲ್ಲ, ಬರೀ ಚಳಿ!"

ಅಜ್ಜಿ ನಕ್ಕರು. ಕಣ್ಣಲ್ಲಿ ನೀರಿತ್ತು.

"ಆಮೇಲೆ ಸೈರನ್ ಕೂಗಿದಾಗಲೆಲ್ಲ ಅದೇ ಮೂಲೆಗೆ ಓಡ್ತಿದ್ದೆ. ಅವರು ಮೊದಲೇ ಬಂದು ಜಾಗ ಹಿಡಿದಿರ್ತಿದ್ರು. ಊರೆಲ್ಲ ಸೈರನ್ ಕೂಗದೆ ಇರ್ಲಿ ಅಂತ ಬೇಡ್ಕೊಳ್ತಿತ್ತು. ನಾನೊಬ್ಬಳು ಪಾಪಿ, ಕೂಗ್ಲಿ ಅಂತಿದ್ದೆ! ಈಗ ಅವರು ಬರಲ್ಲ ಅಂತ ಗೊತ್ತು ಮಗಳೇ. ಆದ್ರೂ ಆ ಸದ್ದು ಕೇಳಿದ್ರೆ... ಒಂದು ವೇಳೆ ಬಂದು ಕೂತಿದ್ರೆ, ನಾನೇ ಹೋಗ್ದಿದ್ರೆ?"

ಆ ಕೊನೆಯ ಮಾತನ್ನು ಇಂಗ್ಲಿಷಿಗೆ ತರಲು ಗೌರವ್‌ಗೆ ಆಗಲಿಲ್ಲ. ಡಾಕ್ಟರಮ್ಮ ಕೇಳಲೂ ಇಲ್ಲ. ಕಣ್ಣೊರೆಸಿಕೊಂಡು ಎದ್ದು, ಈ ತಾಯಿಯ ಬುದ್ಧಿ ನನ್ನದಕ್ಕಿಂತ ಚುರುಕಾಗಿದೆ, ಇವರು ಎಲ್ಲಿಗೂ ಹೋಗಬೇಕಾಗಿಲ್ಲ ಎಂದರು.

*

ಪೊಲೀಸರು ಹೋದರು. ಡಾಕ್ಟರಮ್ಮನೂ ಹೋದರು. ಗೌರವ್ ಇಂಚರಾಳ ಕಾರಿನ ಮೇಲಿನ ಹಿಮ ಸರಿಸುತ್ತಿದ್ದ. ಅವಳು ಬಂದು ಪಕ್ಕದಲ್ಲಿ ನಿಂತಳು.

"ಇವತ್ತು ನನ್ನ ಕೊನೇ ವಿಸಿಟ್," ಎಂದಳು. "ಅಜ್ಜಿಯ ಇನ್ಶೂರೆನ್ಸ್ ಕೊಟ್ಟಿದ್ದು ಇಷ್ಟೇ."

"ಗೊತ್ತು."

ಅವನು ತಲೆಯೆತ್ತಲಿಲ್ಲ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗದು ಎಂದು ಅವಳಿಗೆ ಅನಿಸಿತು. ಈ ಮನೆಗೆ ಬರಲು ನಾಳೆಯಿಂದ ಒಂದು ನೆಪವೂ ಇರುವುದಿಲ್ಲ!

"ಗೌರವ್, ನಾನು ತಪ್ಪು ಮಾಡ್ದೆ. ನಿಮ್ಮನ್ನ ಒಂದು ಮಾತೂ ಕೇಳ್ದೆ ಬೈದುಬಿಟ್ಟೆ."

"ನೋವಾಯ್ತು," ಎಂದ ಅವನು. "ಸುಳ್ಳು ಯಾಕೆ ಹೇಳ್ಲಿ? ತುಂಬಾ ನೋವಾಯ್ತು."

"ನನಗೂ! ಯಾಕೆ ಗೊತ್ತಾ? ಅವತ್ತು ಅಜ್ಜಿಗೆ ಮೋಸ ಆಯ್ತು ಅಂತ ಅಳ್ಬೇಕಿತ್ತು ನಾನು. ಆದ್ರೆ ನನಗೆ ಮೋಸ ಆಯ್ತು ಅಂತ ಅತ್ತೆ. ನನ್ನವನೇ ಹೀಗೆ ಮಾಡಿಬಿಟ್ನಲ್ಲ ಅಂತ ಅತ್ತೆ..."

ಸರಿಸುತ್ತಿದ್ದ ಕೈ ನಿಂತಿತು.

"ಏನಂದ್ರಿ?"

"ಏನಿಲ್ಲ."

"ನನ್ನವನೇ ಅಂದ್ರಿ. ಕೇಳಿಸ್ತು. ನನ್ನ ಕಿವಿ ಚುರುಕು."

"ಕೇಳಿಸಿದ್ರೆ ಮತ್ತೆ ಯಾಕೆ ಕೇಳ್ತೀರಿ?" ಅವಳ ಕಣ್ಣು ತುಂಬಿ ಬಂತು. "ಹೌದು, ನೀವಂದ್ರೆ ನನಗೆ ಪ್ರಾಣ! ಸಾಕಾ?"

ಅವನು ಕೈಗವಸು ಕಳಚಿದ. ಅವಳ ತಣ್ಣಗಾದ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. ಅವನ ತುಟಿ ನಡುಗುತ್ತಿತ್ತು, ಅದು ಚಳಿಗೋ ಇನ್ನೇನಕ್ಕೋ.

"ಮಂಗಳವಾರ ಬರ್ತೀರಾ?" ಎಂದ. "ಥೆರಪಿಗಲ್ಲ. ಸುಮ್ಮನೆ. ನಾನು ಕಾಯ್ತಿರ್ತೀನಿ. ಎಷ್ಟು ಹೊತ್ತಾದ್ರೂ ಕಾಯ್ತೀನಿ, ಅಜ್ಜಿ ಥರಾನೇ."

ಇಂಚರಾ ತಲೆಯಾಡಿಸಿದಳು.

"ಮಂಗಳವಾರ ಬರಲ್ಲ."

ಅವನ ಮುಖ ಇಳಿಯಿತು. ಅವಳು ಒಂದು ಹೆಜ್ಜೆ ಹತ್ತಿರ ಬಂದು ಅವನ ಜಾಕೆಟಿನಲ್ಲಿ ಮುಖ ಮುಚ್ಚಿಕೊಂಡಳು.

"ಅಜ್ಜಿ ಯಾರಿಗೆ ಕಾಯ್ತಿದಾರೋ ಅವರಿಗೆ ಬರೋಕಾಗಲ್ಲ ಗೌರವ್. ನನಗೆ ಬರೋಕಾಗುತ್ತಲ್ಲ... ಮತ್ತೆ ನಿಮ್ಮನ್ನ ಯಾಕೆ ಕಾಯಿಸ್ಲಿ? ನಾಳೇನೇ ಬರ್ತೀನಿ."